ಸಿರಿವಂತರ ಮೇಲಿನ ಇನ್‌ಸೈಡರ್ ಟ್ರೇಡಿಂಗ್ ಆರೋಪ ಕೋರ್ಟಿನಲ್ಲಿ ಏಕೆ ನಿಲ್ಲುವುದಿಲ್ಲ?

ಓದುಗರ ಪ್ರಶ್ನೆ: ಅಮೆರಿಕದ ಶ್ರೀಮಂತರ ಮೇಲೆ ಆಗಾಗ ಇನ್‌ಸೈಡರ್ ಟ್ರೇಡಿಂಗ್ (ಕಂಪನಿಯ ಇನ್ನೂ ಹೊರಬೀಳದ ಒಳಸುದ್ದಿ ಹಿಡಿದು ಷೇರು ಕೊಳ್ಳುವುದು, ಮಾರುವುದು) ಆರೋಪ ಕೇಳಿಬರುತ್ತದೆ, ನಾಲ್ಕು ದಿನ ಗುಲ್ಲಾಗುತ್ತದೆ. ಬೆಲೆ ಕುಸಿಯುವ ಮುನ್ನವೇ ಷೇರು ಮಾರಿದ್ದು ಕಣ್ಣಿಗೆ ಕಾಣುತ್ತಿದ್ದರೂ ಹಲವರು ಪಾರಾಗುತ್ತಾರೆ. ದುಡ್ಡಿದ್ದವರಿಗೆ ಕಾನೂನೇ ಬೇರೆಯೇ?

ಉತ್ತರ: ಕಾನೂನು ಬೇರೆಯಲ್ಲ. ವಕೀಲರು ಬೇರೆ, ಅದು ನಿಜ. ಆದರೆ ಇಂಥ ಆರೋಪಗಳು ಬಿದ್ದುಹೋಗುವುದಕ್ಕೆ ವಕೀಲರಿಗಿಂತ ದೊಡ್ಡ ಕಾರಣ ಅಪರಾಧದ ಸ್ವರೂಪದಲ್ಲೇ ಇದೆ.

ಒಳಗಿನ ಸುದ್ದಿ ತಿಳಿದಿರುವುದು ಅಲ್ಲಿ ಅಪರಾಧವಲ್ಲ. ಅದರಿಂದ ಲಾಭ ಮಾಡಿಕೊಂಡ ಮಾತ್ರಕ್ಕೂ ಅಪರಾಧವಾಗುವುದಿಲ್ಲ. ಗುಟ್ಟು ಕಾಯಬೇಕಾದವನು ಆ ನಂಬಿಕೆಗೆ ದ್ರೋಹ ಬಗೆದನೆಂದು ಸಾಬೀತಾಗಬೇಕು. ಇನ್‌ಸೈಡರ್ ಟ್ರೇಡಿಂಗ್ ಎಂದರೇನೆಂದು ವಿವರಿಸುವ ಪ್ರತ್ಯೇಕ ಕಾಯ್ದೆ ಅಮೆರಿಕದಲ್ಲಿಲ್ಲ. 1934ರ ಕಾಯ್ದೆಯೊಂದರಲ್ಲಿರುವ ವಂಚನೆಯ ಕಲಮನ್ನೇ ನ್ಯಾಯಾಲಯಗಳು ಹಿಗ್ಗಿಸುತ್ತ ಬಂದಿವೆ. 1980ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಪ್ರಕರಣ ನೋಡಿ. ಮುದ್ರಣಾಲಯದ ನೌಕರನೊಬ್ಬ, ಹೆಸರು ಮರೆಸಿಟ್ಟ ದಾಖಲೆಗಳನ್ನು ಓದಿ, ಯಾವ ಕಂಪನಿ ಮಾರಾಟವಾಗಲಿದೆ ಎಂದು ಊಹಿಸಿ, ಅದರ ಷೇರು ಕೊಂಡು ಸುಮಾರು 30,000 ಡಾಲರ್ ಗಳಿಸಿದ್ದ. ಷೇರು ಮಾರಿದವರಿಗೂ ಅವನಿಗೂ ನಂಬಿಕೆಯ ಸಂಬಂಧವೇ ಇರಲಿಲ್ಲವೆಂದು ಕೋರ್ಟು ಶಿಕ್ಷೆ ರದ್ದು ಮಾಡಿತು. ಅಲ್ಲಿಗೆ, ಈ ಸಂದಿಯಲ್ಲಿ ಮೊದಲು ನುಸುಳಿದವನು ಕೋಟ್ಯಧೀಶನೇನಲ್ಲ. 1997ರಲ್ಲಿ ಅದೇ ಕೋರ್ಟು ಸಂದಿಯನ್ನು ಬಹುಮಟ್ಟಿಗೆ ಮುಚ್ಚಿತು: ಗುಟ್ಟನ್ನು ಒಪ್ಪಿಸಿದವರಿಗೆ ಮೋಸ ಮಾಡಿ ವಹಿವಾಟು ನಡೆಸಿದರೂ ಅದು ವಂಚನೆಯೇ ಎಂದಿತು.

ಹಾಗಾದರೆ ಗುಟ್ಟು ಕಾಯುತ್ತೇನೆಂದು ಒಪ್ಪಿಕೊಂಡದ್ದನ್ನು ತೋರಿಸುವುದು ಹೇಗೆ? ಉದ್ಯಮಿ ಮಾರ್ಕ್ ಕ್ಯೂಬನ್ ಪ್ರಕರಣ ಸಿಕ್ಕಿಬಿದ್ದದ್ದು ಇಲ್ಲೇ. 2004ರಲ್ಲಿ ಮಮ್ಮಾ ಡಾಟ್ ಕಾಮ್ ಕಂಪನಿಯ ಮುಖ್ಯಸ್ಥ ಫೋನ್ ಮಾಡಿ, ಅಗ್ಗದ ದರಕ್ಕೆ ಹೊಸ ಷೇರು ನೀಡಲಿದ್ದೇವೆ ಎಂದು ತಿಳಿಸಿದರು. ಸುದ್ದಿ ಹೊರಬೀಳುವ ಮೊದಲೇ ಕ್ಯೂಬನ್ ತಮ್ಮ 6 ಲಕ್ಷ ಷೇರುಗಳನ್ನೂ ಮಾರಿ, ಸುಮಾರು ಏಳೂವರೆ ಲಕ್ಷ ಡಾಲರ್ ನಷ್ಟ ತಪ್ಪಿಸಿಕೊಂಡರು. ಷೇರುಪೇಟೆ ನಿಯಂತ್ರಕ ಎಸ್‌ಇಸಿ 2008ರಲ್ಲಿ ದಾವೆ ಹೂಡಿತು. ಆದರೆ ಆ ಫೋನ್ ಮಾತು ಇಬ್ಬರ ನೆನಪಿನಲ್ಲಿತ್ತೇ ಹೊರತು ಧ್ವನಿಮುದ್ರಣ ಇರಲಿಲ್ಲ. 2013ರಲ್ಲಿ ತೀರ್ಪುಗಾರರ ಮಂಡಳಿ ಕ್ಯೂಬನ್ ಪರವಾಗಿ ನಿಂತಿತು. ಅದು ಸಿವಿಲ್ ದಾವೆ, ಅಲ್ಲಿ ಬೇಕಾದ ಪುರಾವೆಯ ಮಟ್ಟವೂ ಕಡಿಮೆ. ಅಲ್ಲೇ ಹೀಗಾದರೆ, ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸಬೇಕಾದ ಕ್ರಿಮಿನಲ್ ಮೊಕದ್ದಮೆಯ ಕಷ್ಟವನ್ನು ಕೇಳುವುದೇ ಬೇಡ.

ಧ್ವನಿಮುದ್ರಣ ಇದ್ದಾಗ ಚಿತ್ರವೇ ಬದಲಾಗುತ್ತದೆ. 2008ರ ಸೆಪ್ಟೆಂಬರ್ 23ರಂದು, ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್ ಅವರ ಕಂಪನಿ, ಅಮೆರಿಕದ ದೊಡ್ಡ ಬ್ಯಾಂಕ್ ಆದ ಗೋಲ್ಡ್‌ಮನ್ ಸ್ಯಾಕ್ಸ್‌ನಲ್ಲಿ 500 ಕೋಟಿ ಡಾಲರ್ ಹೂಡುವ ಪ್ರಸ್ತಾಪಕ್ಕೆ ಗೋಲ್ಡ್‌ಮನ್‌ನ ನಿರ್ದೇಶಕ ಮಂಡಳಿ ಫೋನಿನಲ್ಲೇ ಸಭೆ ಸೇರಿ ಒಪ್ಪಿಗೆ ಕೊಟ್ಟಿತು. ಸಭೆ ಮುಗಿದು ಒಂದು ನಿಮಿಷವೂ ಕಳೆದಿರಲಿಲ್ಲ, ನಿರ್ದೇಶಕ ರಜತ್ ಗುಪ್ತಾ ಅವರ ಕಡೆಯಿಂದ ಹೆಡ್ಜ್ ಫಂಡ್ (ಸಿರಿವಂತರ ಹಣ ಹೂಡುವ ಖಾಸಗಿ ನಿಧಿ) ಒಡೆಯ ರಾಜ್ ರಾಜರತ್ನಂ ಅವರಿಗೆ ಕರೆ ಹೋಯಿತು. ಪೇಟೆ ಮುಚ್ಚುವ ಕೊನೆಯ ನಿಮಿಷಗಳಲ್ಲಿ ಆ ಫಂಡ್ ಗೋಲ್ಡ್‌ಮನ್ ಷೇರುಗಳನ್ನು ಬಾಚಿಕೊಂಡಿತು. ಗುಪ್ತಾ ಮಾತಾಡಿದ್ದು ಆ ದಿನ ಯಾರಿಗೂ ಕೇಳಿಸಿರಲಿಲ್ಲ. ಆದರೆ ಮರುದಿನ ರಾಜರತ್ನಂ ತಮಗೆ ಬಂದ ಕರೆಯ ವಿಷಯವನ್ನು ಸಹೋದ್ಯೋಗಿಗೆ ಹೇಳಿದ್ದು ಎಫ್‌ಬಿಐ ಧ್ವನಿಮುದ್ರಣದಲ್ಲಿ ಸೆರೆಯಾಗಿತ್ತು. ಗುಪ್ತಾ ತಾವೇ ಆ ಷೇರು ಕೊಂಡಿರಲಿಲ್ಲ. ಆದರೂ 2012ರಲ್ಲಿ ಅವರಿಗೆ ಎರಡು ವರ್ಷ ಜೈಲು, 50 ಲಕ್ಷ ಡಾಲರ್ ದಂಡ. ಅದಕ್ಕೆ ಹಿಂದಿನ ವರ್ಷ ರಾಜರತ್ನಂ ಅವರಿಗೆ 11 ವರ್ಷ ಜೈಲಾಗಿತ್ತು.

ಬೆಲೆ ಬೀಳುವ ಮುನ್ನ ಮಾರಿದ್ದೆಲ್ಲ ಕಳ್ಳತನವೂ ಅಲ್ಲ. ಇಂಥ ದಿನ ಇಷ್ಟು ಷೇರು ಮಾರಬೇಕು ಎಂದು ಕಂಪನಿಯ ಮೇಲಧಿಕಾರಿಗಳು ಮೊದಲೇ ಬರೆದಿಡಲು ಅವಕಾಶವಿದೆ. ಈ ಅವಕಾಶದ ದುರುಪಯೋಗದ ದೂರು ಹೆಚ್ಚಿದ ಮೇಲೆ, ಬರೆದಿಟ್ಟ ಯೋಜನೆಗೂ ಮೊದಲ ಮಾರಾಟಕ್ಕೂ ನಡುವೆ ಕನಿಷ್ಠ 90 ದಿನ ಕಾಯಬೇಕೆಂದು 2022ರಲ್ಲಿ ನಿಯಮ ಬಂತು. ತಡವಾಗಿ ಬಂದರೂ ಒಳ್ಳೆಯ ನಿಯಮ.

ಇನ್ನು ಎಲ್ಲರ ಬಾಯಲ್ಲಿರುವ ಮಾರ್ಥಾ ಸ್ಟುವರ್ಟ್ ಹೆಸರು. ಅಡುಗೆ, ಮನೆ ಅಲಂಕಾರದ ಟಿವಿ ಕಾರ್ಯಕ್ರಮಗಳಿಂದ ಹೆಸರಾದ ಅಮೆರಿಕದ ಉದ್ಯಮಿ ಇವರು. ಇಮ್‌ಕ್ಲೋನ್ ಕಂಪನಿಯ ಮುಖ್ಯಸ್ಥರ ಕುಟುಂಬ ಷೇರು ಮಾರುತ್ತಿದೆ ಎಂಬ ಸುಳಿವು ಬ್ರೋಕರ್ ಕಚೇರಿಯಿಂದ ಸಿಕ್ಕಿ, 2001ರ ಡಿಸೆಂಬರ್ 27ರಂದು ಅವರು 3,928 ಷೇರು ಮಾರಿದರು. ತಪ್ಪಿದ ನಷ್ಟ ಸುಮಾರು 45,000 ಡಾಲರ್, ಅವರ ಆಸ್ತಿಯ ಮುಂದೆ ಚಿಲ್ಲರೆ. ತನಿಖೆ ಶುರುವಾದಾಗ, ಬ್ರೋಕರ್ ಕೊಟ್ಟ ಫೋನ್ ಸಂದೇಶವನ್ನು ಕಾರ್ಯದರ್ಶಿಯ ಕಂಪ್ಯೂಟರಿನ ಮುಂದೆ ಕೂತು ತಾವೇ ತಿದ್ದಿದರು. ಆಮೇಲೆ ಅಳುಕಿ, ಮೊದಲಿದ್ದಂತೆಯೇ ಮಾಡಿಬಿಡು ಎಂದರು. ಕ್ರಿಮಿನಲ್ ಮೊಕದ್ದಮೆಯಲ್ಲಿ ಇನ್‌ಸೈಡರ್ ಟ್ರೇಡಿಂಗ್ ಆರೋಪವನ್ನು ಅವರ ಮೇಲೆ ಹೊರಿಸಲೇ ಇಲ್ಲ. 2004ರಲ್ಲಿ ಐದು ತಿಂಗಳು ಜೈಲಾದದ್ದು ಸಂಚು, ತನಿಖಾಧಿಕಾರಿಗಳಿಗೆ ಸುಳ್ಳು ಹೇಳಿದ್ದು ಮತ್ತು ತನಿಖೆಗೆ ಅಡ್ಡಿಪಡಿಸಿದ್ದಕ್ಕೆ. ಇನ್‌ಸೈಡರ್ ಟ್ರೇಡಿಂಗ್‌ನ ಸಿವಿಲ್ ದಾವೆ 2006ರಲ್ಲಿ ರಾಜಿಯಾಯಿತು. ಆರೋಪವನ್ನು ಒಪ್ಪಿಕೊಳ್ಳದೆ, ಅಲ್ಲಗಳೆಯದೆ, ಸುಮಾರು 1,95,000 ಡಾಲರ್ ಕಟ್ಟಿ ಅವರು ಪ್ರಕರಣ ಮುಗಿಸಿಕೊಂಡರು.