ಅನಂತ ಬರುವ ದಾರಿಯೇ ಇಲ್ಲದ ಲೆಕ್ಕ

ಮುಂಬೈಯ ಮಾಟುಂಗದಲ್ಲಿ ನಮ್ಮ ಕನ್ನಡ ಹುಡುಗರ ಜೊತೆ ಭೌತವಿಜ್ಞಾನದ ಮಾತು ಬಂದರೆ ಒಂದು ಪ್ರಶ್ನೆ ಖಂಡಿತ ಏಳುತ್ತದೆ. ಲೆಕ್ಕದಲ್ಲಿ ಅನಂತ ಬಂದರೆ ಆ ಸಿದ್ಧಾಂತವೇ ತಪ್ಪು, ಅಲ್ವಾ?

ಹಾಗೇನಿಲ್ಲ. ಸೂಕ್ಷ್ಮ ಕಣಗಳ ವರ್ತನೆಯನ್ನು ಲೆಕ್ಕಹಾಕುವ ಕ್ವಾಂಟಮ್ ಫೀಲ್ಡ್ ಥಿಯರಿಯಲ್ಲಿ ಎಲೆಕ್ಟ್ರಾನ್ ಬರೀ ಒಂದು ಚುಕ್ಕೆ. ಅದು ಬೆಳಕಿನ ಕಣವಾದ ಫೋಟಾನನ್ನು ಹೊರಬಿಟ್ಟು ತಾನೇ ಮತ್ತೆ ನುಂಗಬಹುದು. ಎಷ್ಟು ಹತ್ತಿರದಲ್ಲಿ, ಎಷ್ಟು ಬೇಗ ಅನ್ನುವುದಕ್ಕೆ ಮಿತಿಯಿಲ್ಲ. ಎಲ್ಲವನ್ನೂ ಕೂಡಿಸಿದರೆ ಉತ್ತರ ಅನಂತ. ಭೌತವಿಜ್ಞಾನಿಗಳಾದ ಫೈನ್‌ಮನ್, ಶ್ವಿಂಗರ್, ಟೊಮೊನಾಗ ಆ ಅನಂತವನ್ನು ಎಲೆಕ್ಟ್ರಾನಿನ ದ್ರವ್ಯರಾಶಿ ಮತ್ತು ವಿದ್ಯುದಾವೇಶದೊಳಗೆ ಸೇರಿಸಿ, ಅವುಗಳ ಬೆಲೆಯನ್ನು ಪ್ರಯೋಗದಿಂದ ತೆಗೆದುಕೊಂಡರು. ಇದೇ ರೀನಾರ್ಮಲೈಸೇಶನ್. 1965ರಲ್ಲಿ ಮೂವರಿಗೂ ನೊಬೆಲ್ ಬಂತು. ಎಲೆಕ್ಟ್ರಾನಿನ ಕಾಂತಗುಣದ ಲೆಕ್ಕವೂ ಅಳತೆಯೂ ಹತ್ತು ಅಂಕಿಗಳಿಗಿಂತ ಜಾಸ್ತಿ ತಾಳೆಯಾಗುತ್ತವೆ. ಇದನ್ನು ಕಣ್ಕಟ್ಟು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಗುರುತ್ವಕ್ಕೆ ಬಂದರೆ ಮಾತ್ರ ಈ ದಾರಿ ಮುಚ್ಚುತ್ತದೆ. ಲೆಕ್ಕವನ್ನು ಇನ್ನಷ್ಟು ನಿಖರವಾಗಿಸುವ ಹಂತ ಹಂತಕ್ಕೂ ಹೊಸ ಬಗೆಯ ಅನಂತ, ಪ್ರತಿಯೊಂದಕ್ಕೂ ಪ್ರಯೋಗದಿಂದ ಹೊಸ ಸಂಖ್ಯೆ ಬೇಕು, ಅದಕ್ಕೆ ಕೊನೆಯೇ ಇಲ್ಲ.

ಗುರುತ್ವವನ್ನೂ ಒಳಗೊಳ್ಳುವ ಸ್ಟ್ರಿಂಗ್ ಥಿಯರಿ ಚುಕ್ಕೆಯ ಬದಲು ಎಳೆಯನ್ನು ಇಡುತ್ತದೆ. ಎಳೆಗೆ ಉದ್ದ ಇದೆ, ಅದಕ್ಕೇ ಅನಂತ ಇಲ್ಲ ಅಂತ ಸುಮ್ನೆ ಹೇಳಿಬಿಡುತ್ತಾರೆ. ಅದು ಅರ್ಧ ಉತ್ತರ. ಒಂದು ಕೋಡುಬಳೆ ಕೈಗೆತ್ತಿಕೊಳ್ಳಿ. ತುದಿಗಳು ಕೂಡಿದ ಎಳೆ ಕಾಲದಲ್ಲಿ ಸಾಗಿ ಹೊರಟಲ್ಲಿಗೇ ಮರಳಿದರೆ ಮೂಡುವುದು ಇದರ ಮೈಯಂಥ ಆಕಾರ. ಅದರ ಮೇಲೆ ಬೆರಳನ್ನು ಎರಡು ರೀತಿ ಸುತ್ತಿಸಬಹುದು: ಹಿಟ್ಟಿನ ದಪ್ಪದ ಸುತ್ತ, ಇಲ್ಲವೇ ಬಳೆಯ ಉದ್ದಕ್ಕೂ. ಒಂದು ಸುತ್ತು ಎಳೆ, ಇನ್ನೊಂದು ಕಾಲ. ಯಾವುದು ಯಾವುದು ಅನ್ನುವುದನ್ನು ಆಕಾರ ಹೇಳುವುದಿಲ್ಲ. ಚುಕ್ಕೆಯ ಲೆಕ್ಕದಲ್ಲಿ ಅನಂತ ಹುಟ್ಟುತ್ತಿದ್ದದ್ದು ಕಾಲದ ಸುತ್ತು ತೀರಾ ಚಿಕ್ಕದಾದಾಗ. ಇಲ್ಲಿ ಎರಡು ಸುತ್ತುಗಳನ್ನು ಅದಲುಬದಲು ಮಾಡಿ ನೋಡಿದರೆ, ಅದೇ ಆಕಾರ ಬಹಳ ಹೊತ್ತು ಸಾಗಿದ ಎಳೆಯದ್ದು! ಅದನ್ನು ಆಗಲೇ ಎಣಿಸಿಯಾಗಿದೆ. ಒಂದೇ ಆಕಾರವನ್ನು ಎರಡು ಸಲ ಎಣಿಸುವಂತಿಲ್ಲ. ಅಂದರೆ ಇಲ್ಲಿ ಅನಂತವನ್ನು ಯಾರೂ ಕಳೆಯುವುದಿಲ್ಲ, ಅದು ಹುಟ್ಟಬೇಕಾದ ಭಾಗವೇ ಮೊತ್ತದಲ್ಲಿಲ್ಲ. ಇಡೀ ಸಿದ್ಧಾಂತದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಬಹಳ ಹೊತ್ತು ಸಾಗುವ ಎಳೆಗಳು ತರುವ ಅನಂತಗಳು ಬೇರೆ. ಇಲ್ಲಿಯ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಹಿಂದೆ ಕೆಲಸ ಮಾಡಿದ್ದ ಭೌತವಿಜ್ಞಾನಿ ಅಶೋಕ್ ಸೇನ್ ಅವುಗಳನ್ನು ನಿಭಾಯಿಸುವ ಬಗೆಯನ್ನು ವಿವರವಾಗಿ ತೋರಿಸಿದ್ದಾರೆ. ಸ್ಟ್ರಿಂಗ್ ಥಿಯರಿಗೆ ಪ್ರಯೋಗದ ಸಾಕ್ಷಿ ಇನ್ನೂ ಸಿಕ್ಕಿಲ್ಲ. ಮತ್ತೆ, ಒಂದೊಂದು ಹಂತದ ಉತ್ತರ ಮಿತಿಯೊಳಗೇ ಇದ್ದರೂ, ಎಲ್ಲ ಹಂತಗಳನ್ನೂ ಕೂಡಿಸಹೊರಟರೆ ಮೊತ್ತ ಒಂದು ಸಂಖ್ಯೆಗೆ ಬಂದು ನಿಲ್ಲುವುದಿಲ್ಲ. ಎಲೆಕ್ಟ್ರಾನಿನ ಲೆಕ್ಕದಲ್ಲೂ ಇದೇ ತೊಡಕಿದೆ.