ಶಿಕ್ಷಕರ ಸಂಘ ಬೇರೆ, ಒಕ್ಕೂಟ ಬೇರೆ, ಪರಿಷತ್ತು ಬೇರೆ

‘ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಕಡ್ಡಾಯ ಮಾಡಿದ್ದು ರಾಷ್ಟ್ರೀಯ ಶಿಕ್ಷಕರ ಸಂಘ’ ಎಂಬ ಮಾತು ಮಡಿಕೇರಿ, ವಿರಾಜಪೇಟೆ ಕಡೆಯ ಶಿಕ್ಷಕ ಹುದ್ದೆ ಆಕಾಂಕ್ಷಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತಿದೆ. ಯಾವ ಸಂಘವೂ ಹಾಗೆ ಮಾಡಿಲ್ಲ. ಮಾಡುವ ಅಧಿಕಾರವೂ ಸಂಘಕ್ಕಿಲ್ಲ. 2010ರಲ್ಲಿ ಆ ಅರ್ಹತೆಯನ್ನು ನಿಗದಿಪಡಿಸಿದ್ದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ. ಅದು ಸಂಸತ್ತಿನ 1993ರ ಕಾಯ್ದೆಯಿಂದ ಹುಟ್ಟಿದ ಪರಿಷತ್ತು. ಶಿಕ್ಷಕರು ಚಂದಾ ಕೊಟ್ಟು ಅದರ ಸದಸ್ಯರಾಗುವುದಿಲ್ಲ, ಮತ ಹಾಕಿ ಅದರ ಅಧ್ಯಕ್ಷರನ್ನು ಆರಿಸುವುದಿಲ್ಲ. ಅದನ್ನು ಸಂಘವೆಂದು ಕರೆದರೆ, ಮೇಲಿನಿಂದ ಬಂದ ನಿಯಮವನ್ನು ಶಿಕ್ಷಕರು ತಾವೇ ಕೂತು ಒಪ್ಪಿಕೊಂಡರು ಎಂದಾಗುತ್ತದೆ. ಇದು ಸಣ್ಣ ತಪ್ಪಲ್ಲ.

‘ಸಂಘ’ ಸಂಸ್ಕೃತದ ‘ಸಮ್’ ಮತ್ತು ‘ಹನ್’ ಸೇರಿ ಆದ ಪದ. ಗುಂಪು ಎಂಬ ಅರ್ಥವನ್ನು ಪಾಣಿನಿಯೇ ಹೇಳಿದ್ದಾನೆ. ಫಲಕಗಳಲ್ಲಿ ಬರೆಯುವ ‘ಶಿಕ್ಷಕರ ಸಂಗ’ ಬೇರೆಯೇ ಪದ. ಅದರ ಅರ್ಥ ಸಹವಾಸ. ಮಕ್ಕಳಿಗೆ ಅಲ್ಪಪ್ರಾಣ, ಮಹಾಪ್ರಾಣ ಕಲಿಸುವವರ ಹೆಸರಿನ ಫಲಕದಲ್ಲಾದರೂ ಅದು ಸರಿಯಿರಬೇಕು.

‘ಒಕ್ಕೂಟ’ ಅಚ್ಚಗನ್ನಡ. ಒಂದು ಎಂಬುದು ಸಮಾಸದಲ್ಲಿ ‘ಒಕ್’ ಆಗುತ್ತದೆ: ಒಕ್ಕೊರಲು, ಒಕ್ಕಣ್ಣ, ಹಾಗೆಯೇ ಒಕ್ಕೂಟ. ಕೊಡಗಿನಲ್ಲಿ ಮಾತ್ರ ಇದಕ್ಕೊಂದು ತೊಡಕು ಅಂಟಿಕೊಂಡಿದೆ. ಇಲ್ಲಿ ‘ಒಕ್ಕ’ ಎಂದರೆ ಐನ್‌ಮನೆಯ (ಪೂರ್ವಿಕರ ಮೂಲಮನೆಯ) ಸುತ್ತ ಬೆಳೆದ ಕುಟುಂಬ. ಹಾಗಾಗಿ ಒಕ್ಕಗಳ ಕೂಟವೇ ಒಕ್ಕೂಟವಾಯಿತು ಎಂದು ಭಾಷಣಗಳಲ್ಲಿ ಹೇಳುವವರಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ಸರಿಯಲ್ಲ. ಕೊಡವ ‘ಒಕ್ಕ’ದ ನಂಟು ಇರುವುದು ಕನ್ನಡದ ‘ಒಕ್ಕಲು’ ಪದದೊಂದಿಗೆ. ‘ಒಂದು’ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಈ ತಪ್ಪು ವ್ಯುತ್ಪತ್ತಿಯೊಳಗೆ ಸರಿಯಾದ ತಿಳಿವಳಿಕೆಯೊಂದಿದೆ. ಒಕ್ಕೂಟದಲ್ಲಿ ಸೇರುವುದು ಬಿಡಿ ವ್ಯಕ್ತಿಗಳಲ್ಲ, ಆಗಲೇ ಕಟ್ಟಿಕೊಂಡಿರುವ ಘಟಕಗಳು. ಸೋಮವಾರಪೇಟೆಯ ಶಿಕ್ಷಕಿ ಸೇರುವುದು ಸಂಘಕ್ಕೆ. ರಾಜ್ಯ ಸಂಘಗಳು ಸೇರಿ ಆಗುವುದು ರಾಷ್ಟ್ರಮಟ್ಟದ ಒಕ್ಕೂಟ.

ಸಂಘವೆಂದರೆ ವರ್ಗಾವಣೆ, ವೇತನ ಆಯೋಗ, ಹಳೆಯ ಪಿಂಚಣಿ, ಅಷ್ಟೇ ಎಂಬ ಇನ್ನೊಂದು ಮಾತಿದೆ. ಇದನ್ನು ನಾನು ಒಪ್ಪುವುದಿಲ್ಲ. 1857ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ 43 ಮಂದಿ ಸೇರಿ ರಾಷ್ಟ್ರೀಯ ಶಿಕ್ಷಕರ ಸಂಘವನ್ನು ಕಟ್ಟಿದರು. 1870ರಲ್ಲಿ ಅದು ಶಾಲಾ ಮೇಲ್ವಿಚಾರಕರ ಮತ್ತು ಶಿಕ್ಷಕರ ತರಬೇತಿ ಶಾಲೆಗಳ ಸಂಘಗಳನ್ನು ಸೇರಿಸಿಕೊಂಡು ರಾಷ್ಟ್ರೀಯ ಶಿಕ್ಷಣ ಸಂಘವಾಯಿತು. ಅದು 1892ರಲ್ಲಿ ನೇಮಿಸಿದ ಹತ್ತು ಮಂದಿಯ ಸಮಿತಿ ಪ್ರೌಢಶಾಲೆಯಲ್ಲಿ ಏನನ್ನು, ಎಷ್ಟು ಕಾಲ ಕಲಿಸಬೇಕೆಂದು ವಿಷಯವಾರು ವರದಿ ಕೊಟ್ಟಿತು. ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢ ಎಂಬ ವಿಂಗಡಣೆಯನ್ನು ಎತ್ತಿ ಹಿಡಿದದ್ದೂ ಆ ವರದಿಯೇ. ಪಠ್ಯಕ್ರಮದ ಬಗ್ಗೆ ಶಿಕ್ಷಕರ ಸಂಘ ಬಾಯಿ ಬಿಡಬಾರದು ಎನ್ನುವವರು ಇದನ್ನು ಗಮನಿಸಬೇಕು. ಅದೇ ಸಂಘದ ಮೊದಲ ನಿಯಮಾವಳಿ ಪೂರ್ಣ ಸದಸ್ಯತ್ವವನ್ನು ಗಂಡಸರಿಗೆ ಮಾತ್ರ ಕೊಟ್ಟಿತ್ತು ಎಂಬುದನ್ನೂ ಮುಚ್ಚಿಡಬಾರದು. 1866ರಲ್ಲಿ ಆ ಅಡ್ಡಿ ಹೋಯಿತು.

ನಮ್ಮಲ್ಲಿ 1925ರಲ್ಲಿ ಕಾನ್ಪುರದಲ್ಲಿ ಅಖಿಲ ಭಾರತ ಶಿಕ್ಷಕರ ಸಂಘಗಳ ಒಕ್ಕೂಟ ಹುಟ್ಟಿತು. ಮುಂದೆ ಅದೂ ತನ್ನ ಹೆಸರನ್ನು ಶೈಕ್ಷಣಿಕ ಸಂಘಗಳ ಒಕ್ಕೂಟ ಎಂದು ಬದಲಿಸಿಕೊಂಡಿತು. ಅಖಿಲ ಭಾರತ ಪ್ರಾಥಮಿಕ ಶಿಕ್ಷಕರ ಒಕ್ಕೂಟ 1954ರದು. ಆಗ ಕೊಡಗು ತನ್ನದೇ ವಿಧಾನಸಭೆಯಿದ್ದ ಪ್ರತ್ಯೇಕ ರಾಜ್ಯ. ಮೈಸೂರಿನೊಂದಿಗೆ ವಿಲೀನವಾದದ್ದು 1956ರ ನವೆಂಬರ್ 1ರಂದು.

ಕೊನೆಯದಾಗಿ ‘ಶಿಕ್ಷಕರ ಕ್ಷೇತ್ರ’. ವಿಧಾನ ಪರಿಷತ್ತಿನ ನೈಋತ್ಯ ಶಿಕ್ಷಕರ ಕ್ಷೇತ್ರಕ್ಕೆ ಕೊಡಗೂ ಸೇರಿದೆ. ಚುನಾವಣೆ ಬಂದಾಗಲೆಲ್ಲ ‘ಎಲ್ಲ ಶಿಕ್ಷಕರ ಪ್ರತಿನಿಧಿ’ ಎಂಬ ಕರಪತ್ರ ಪ್ರಾಥಮಿಕ ಶಾಲೆಗಳಿಗೂ ಬರುತ್ತದೆ. ಸಂವಿಧಾನದ 171ನೇ ವಿಧಿಯ ಪ್ರಕಾರ ಅಲ್ಲಿ ಮತದಾನದ ಹಕ್ಕಿರುವುದು ಪ್ರೌಢಶಾಲೆಗಿಂತ ಕೆಳಗಲ್ಲದ ಸಂಸ್ಥೆಗಳಲ್ಲಿ ಕನಿಷ್ಠ ಮೂರು ವರ್ಷ ಪಾಠ ಮಾಡಿದವರಿಗೆ. ಒಂದನೇ ತರಗತಿಗೆ ಅಕ್ಷರ ಕಲಿಸುವವರು ಆ ಮತಗಟ್ಟೆಯಲ್ಲಿ ಚುನಾವಣಾ ಕರ್ತವ್ಯಕ್ಕೆ ಕೂರಬಹುದು, ಮತ ಹಾಕುವಂತಿಲ್ಲ. ಅವರ ಪರವಾಗಿ ಮಾತನಾಡಲು ಉಳಿದಿರುವುದು ಅವರು ಚಂದಾ ಕೊಟ್ಟು ಸೇರಿದ ಸಂಘವೇ.