ಆಸ್ಪತ್ರೆಯ ಲೆಕ್ಕಕ್ಕೆ ಸಿಗದ ಸಾವುಗಳು

ಹಾವು ಕಡಿದು ನಮ್ಮ ದೇಶದಲ್ಲಿ ವರ್ಷಕ್ಕೆ ಎಷ್ಟು ಮಂದಿ ಸಾಯುತ್ತಾರೆ ಎಂಬ ಪ್ರಶ್ನೆಗೆ ಬಹುಕಾಲ ನಂಬಲರ್ಹ ಉತ್ತರವಿರಲಿಲ್ಲ. ಸರ್ಕಾರದ ಕೈಯಲ್ಲಿದ್ದದ್ದು ಆಸ್ಪತ್ರೆಗಳು ಕಳಿಸುತ್ತಿದ್ದ ಲೆಕ್ಕ. ಆಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲೇ ಸತ್ತವರು ಅದರಲ್ಲಿ ಸೇರುತ್ತಿರಲಿಲ್ಲ.

ಈ ಕತ್ತಲೆಗೆ ಬೆಳಕು ಹಿಡಿದದ್ದು ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿಯೂ ಟೊರಾಂಟೊದ ಸಾರ್ವಜನಿಕ ಆರೋಗ್ಯ ಸಂಶೋಧಕ ಪ್ರಭಾತ್ ಝಾ ಅವರ ತಂಡವೂ ಸೇರಿ ನಡೆಸಿದ ‘ಮಿಲಿಯನ್ ಡೆತ್ ಸ್ಟಡಿ’. ಜನನ ಮರಣಗಳ ಲೆಕ್ಕವಿಡಲೆಂದು ದೇಶದಾದ್ಯಂತ ಆಯ್ದುಕೊಂಡಿದ್ದ ಸಾವಿರಾರು ಸಣ್ಣ ಪ್ರದೇಶಗಳಲ್ಲಿ, ಸಾವು ಸಂಭವಿಸಿದ ಮನೆಮನೆಗೂ ತರಬೇತಿ ಪಡೆದ ಸಿಬ್ಬಂದಿ ಹೋಗಿ, ಕೊನೆಯ ದಿನಗಳಲ್ಲಿ ಏನೇನಾಯಿತೆಂದು ಕೇಳಿ, ಮನೆಯವರ ಮಾತನ್ನು ಅವರ ಭಾಷೆಯಲ್ಲೇ ಬರೆದುಕೊಂಡರು. ‘ನೆಲದ ಮೇಲೆ ಮಲಗಿದ್ದವನು ನಡುರಾತ್ರಿ ಎದ್ದು ಹೊಟ್ಟೆನೋವು ಎಂದ, ಬೆಳಗಿನ ಜಾವ ಕಣ್ಣಿನ ರೆಪ್ಪೆ ಎತ್ತಲಾಗಲಿಲ್ಲ, ಆಮೇಲೆ ಉಸಿರೇ ನಿಂತಿತು’ ಎಂಬಂಥ ಮಾತನ್ನು ಓದಿದ ವೈದ್ಯರಿಗೆ, ಮೈಮೇಲೆ ಗಾಯದ ಗುರುತು ಕಾಣದಿದ್ದರೂ ಕಟ್ಟು ಹಾವಿನ ನೆನಪು ಬರುತ್ತದೆ. ಪ್ರತಿ ದಾಖಲೆಯನ್ನೂ ಇಬ್ಬರು ವೈದ್ಯರು ಒಬ್ಬರಿಗೊಬ್ಬರು ತಿಳಿಯದಂತೆ ಓದಿ ಸಾವಿನ ಕಾರಣ ನಿರ್ಧರಿಸುತ್ತಿದ್ದರು.

2001ರಿಂದ 2003ರವರೆಗಿನ ಸುಮಾರು 1.23 ಲಕ್ಷ ಸಾವುಗಳಲ್ಲಿ ಹಾವಿನ ಕಡಿತದ್ದೆಂದು ಸಿಕ್ಕಿದ್ದು 562 ಮಾತ್ರ. ಇನ್ನೂರಕ್ಕೆ ಒಂದೂ ಇಲ್ಲದ ಇಂಥ ಕಾರಣವನ್ನು ಹಿಡಿಯಲು ಸಣ್ಣ ಸಮೀಕ್ಷೆ ಸಾಲದು. ಬೃಹತ್ ದತ್ತಾಂಶದ ಬೆಲೆ ನನಗೆ ಮನದಟ್ಟಾದದ್ದು ಇಲ್ಲಿಯೇ. ಆ 562ರ ಆಧಾರದ ಮೇಲೆ ಇಡೀ ದೇಶಕ್ಕೆ ಲೆಕ್ಕ ಹಾಕಿದಾಗ ವರ್ಷಕ್ಕೆ ಸುಮಾರು 46,000 ಸಾವು ಎಂದಾಯಿತು. ಶೇ 97ರಷ್ಟು ಹಳ್ಳಿಗಳಲ್ಲಿ, ಶೇ 77ರಷ್ಟು ಆಸ್ಪತ್ರೆಯ ಹೊರಗೆ, ಹೆಚ್ಚಿನವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. 2020ರಲ್ಲಿ ಪ್ರಕಟವಾದ ಮುಂದಿನ ವಿಶ್ಲೇಷಣೆ ಈ ಸಂಖ್ಯೆಯನ್ನು ವರ್ಷಕ್ಕೆ ಸರಾಸರಿ 58,000ಕ್ಕೆ ಏರಿಸಿತು.

ಈ ವಿಧಾನಕ್ಕೆ ಮಿತಿಯೂ ಉಂಟು. ಮಲೇರಿಯಾದಿಂದ ವರ್ಷಕ್ಕೆ ಎರಡು ಲಕ್ಷ ಸಾವು ಎಂದು ಇದೇ ಅಧ್ಯಯನ ಹೇಳಿದಾಗ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಲಿಲ್ಲ. ಒಂದು ಜ್ವರವನ್ನು ಇನ್ನೊಂದರಿಂದ ಮನೆಯವರ ಮಾತಿನ ಮೇಲಷ್ಟೇ ಬೇರ್ಪಡಿಸುವುದು ಕಷ್ಟ. ಜೊತೆಗೆ, ಯಾವ ತಾಲ್ಲೂಕಿನಲ್ಲಿ ಎಷ್ಟು ವಿಷನಿರೋಧಕ ಔಷಧ ಇಟ್ಟಿರಬೇಕೆಂಬುದನ್ನು ಇಂಥ ಮಾದರಿ ಲೆಕ್ಕ ಹೇಳಲಾರದು. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಸಮಸ್ಯೆಯೆಂದು ಘೋಷಿಸಿದ್ದರಿಂದ ಆ ಸ್ಥಳೀಯ ಮಾಹಿತಿ ಸಿಗುವ ದಾರಿ ತೆರೆದಿದೆ. ಆದರೆ ವರದಿ ಹೊರಡುವುದು ಆಸ್ಪತ್ರೆಯಿಂದಲೇ ಆಗಿದ್ದರೆ, ಮನೆಯಲ್ಲೇ ಸತ್ತವನ ಲೆಕ್ಕ ಸಿಗಬೇಕಾದರೆ ಇಂದಿಗೂ ಯಾರಾದರೂ ಆ ಮನೆಯ ಜಗಲಿಯವರೆಗೆ ಹೋಗಲೇಬೇಕು.